ಕೆಂಪು ಬ್ರೇಕು, ರೇಸಿಂಗ್ ಡಿಎನ್‌ಎ ಮತ್ತು ನಮ್ಮ ದೇವಿಮನೆ ಘಟ್ಟ

ಹೋದ ತಿಂಗಳು ಭಾವ ಹೊಸ ಕಾರು ತಗೊಳ್ಳಲು ಹೊರಟಿದ್ದ. ಒಬ್ಬನೇ ಹೋದರೆ ಶೋರೂಮಿನವರು ಟೋಪಿ ಹಾಕುತ್ತಾರೆ ಅಂತ ನನ್ನನ್ನೂ ಶಿರಸಿಯಿಂದ ಹುಬ್ಬಳ್ಳಿಗೆ ಎಳೆದುಕೊಂಡು ಹೋದ. ನನಗೆ ಕಾರಿನ ಬಗ್ಗೆ ಬಹಳ ಗೊತ್ತು ಅನ್ನುವುದು ನಮ್ಮ ನೆಂಟರಲ್ಲಿರುವ ತಪ್ಪು ತಿಳುವಳಿಕೆ. ಭಾನುವಾರ ಸಂಜೆ ಟೀವಿಯಲ್ಲಿ ಎಫ್‌1, ಅಂದರೆ ಫಾರ್ಮುಲಾ ಒನ್ ಕಾರ್ ರೇಸ್ ನೋಡುತ್ತೇನೆ, ಅಷ್ಟೇ. ಅದೂ ಮಳೆಗಾಲದಲ್ಲಿ ಕರೆಂಟು ಇದ್ದರೆ.

ಶೋರೂಮಿನ ಹುಡುಗ ಚುರುಕಾಗಿದ್ದ. ಒಂದೇ ಕಾರಿನ ಎರಡು ಮಾಡೆಲ್ ಅಕ್ಕಪಕ್ಕ ನಿಂತಿದ್ದವು. ಒಂದು ಮಾಮೂಲಿ. ಇನ್ನೊಂದಕ್ಕೆ ಹಿಂದೆ ಸ್ಪಾಯ್ಲರ್, ಸೀಟಿಗೆ ಕೆಂಪು ಹೊಲಿಗೆ, ಚಕ್ರದ ಸಂದಿಯಿಂದ ಇಣುಕುವ ಕೆಂಪು ಕ್ಯಾಲಿಪರ್, ಅಂದರೆ ಬ್ರೇಕಿನ ಹಿಡಿಕೆ. ಎರಡರದ್ದೂ ಇಂಜಿನ್ ಅದೇ, ಗೇರ್‌ಬಾಕ್ಸ್ ಅದೇ, ಕೆದಕಿ ಕೇಳಿದರೆ ಬ್ರೇಕೂ ಅದೇ. ಬಣ್ಣ ಬೇರೆ, ರೇಟು ಬೇರೆ. "ಸರ್, ಇದರಲ್ಲಿ ರೇಸಿಂಗ್ ಡಿಎನ್‌ಎ ಇದೆ" ಎಂದ.

ಭಾವ ನನ್ನ ಕಿವಿಯ ಹತ್ತಿರ ಬಂದು ಸಣ್ಣಗೆ ಕೇಳಿದ: "ನಮ್ಮನೆ ದಾರೀಲಿ ಎಮ್ಮೆ ಅಡ್ಡ ಬಂದ್ರೆ ಈ ಡಿಎನ್‌ಎ ಎಂತ ಮಾಡ್ತಡೋ?"

ಅಲ್ಲಿ ನಕ್ಕುಬಿಟ್ಟೆ. ವಾಪಸ್ ಬರುವಾಗ ಮುಂಡಗೋಡ ದಾಟುವವರೆಗೂ ಅದೇ ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು. ಎಮ್ಮೆ ಅಡ್ಡ ಬಂದಾಗ ಬೇಕಾಗುವುದು ಬ್ರೇಕು. ಬ್ರೇಕಿನ ವಿಷಯದಲ್ಲಿ ರೇಸಿನವರು ನಮಗೆ ಕೊಟ್ಟದ್ದು ನಿಜಕ್ಕೂ ದೊಡ್ಡದು. ಆದರೆ ಆ ಹುಡುಗ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾಕೆಂದರೆ ಅದು ಮಾಮೂಲಿ ಮಾಡೆಲ್‌ನಲ್ಲೂ ಇದೆ. ಎಲ್ಲ ಕಾರಿನಲ್ಲೂ ಇರುವುದಕ್ಕೆ ಜಾಸ್ತಿ ದುಡ್ಡು ಕೇಳಲು ಆಗುವುದಿಲ್ಲ ಅಲ್ವಾ?

ನಾನು ಸಣ್ಣವನಿದ್ದಾಗ ದೊಡ್ಡಪ್ಪನ ಹತ್ತಿರ ಒಂದು ಹಳೇ ಅಂಬಾಸಿಡರ್ ಇತ್ತು. ಕುಮಟಾ ಕಡೆ ಮದುವೆ, ಉಪನಯನ ಅಂದರೆ ನಾವೆಲ್ಲ ಅದರಲ್ಲೇ. ಮುಂದೆ ಮೂವರು, ಹಿಂದೆ ಐವರು, ಡಿಕ್ಕಿಯಲ್ಲಿ ಹಲಸಿನಕಾಯಿ. ಒಂದು ಸಲ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟವನ್ನು ಅರ್ಧ ಇಳಿದಿದ್ದೆವು. ರಬ್ಬರ್ ಸುಟ್ಟ ಹಾಗೆ, ಹಳೇ ಮಸಿಬಟ್ಟೆ ಸುಟ್ಟ ಹಾಗೆ ಒಂದು ವಾಸನೆ ಬಂತು. ದೊಡ್ಡಪ್ಪ ಮಾತು ನಿಲ್ಲಿಸಿದ. ಬ್ರೇಕನ್ನು ಎರಡು ಸಲ ತುಳಿದ, ಮೂರನೇ ಸಲ ತುಳಿದ. ಗಾಡಿ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಗೇರನ್ನು ಎರಡಕ್ಕೆ ಎಳೆದ, ಆಮೇಲೆ ಒಂದಕ್ಕೆ. ಇಂಜಿನ್ ಕಿರುಚಿಕೊಂಡಿತು. ಹೇಗೋ ಗುಡ್ಡದ ಬದಿಯ ಚರಂಡಿಗೆ ಒಂದು ಗಾಲಿ ಇಳಿಸಿ ನಿಲ್ಲಿಸಿದ. ದೊಡ್ಡಮ್ಮ ಅಲ್ಲೇ ಮಾರಿಕಾಂಬೆಗೆ ಹರಕೆ ಹೇಳಿಕೊಂಡಳು. "ಎಂತೂ ಆಗಲ್ಯೇ. ಬ್ರೇಕು ಕಾದೋತು, ಅಷ್ಟೇಯ" ಅಂದ ದೊಡ್ಡಪ್ಪ. ಅವನ ಕೈ ನಡುಗುತ್ತಿದ್ದದ್ದು ಮುಂದಿನ ಸೀಟಿನಲ್ಲಿದ್ದ ನನಗೆ ಮಾತ್ರ ಕಂಡಿತು.

ಕಾದೋತು ಅಂದರೆ ಎಷ್ಟು ಕಾದಿರಬಹುದು? ಸುಮ್ನೆ ಒಂದು ಲೆಕ್ಕ ಹಾಕಿ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಕುಮಟಾ ಸಮುದ್ರದ ಪಕ್ಕದಲ್ಲಿ. ಜನ, ಸಾಮಾನು ಎಲ್ಲ ಸೇರಿ 1300 ಕೆಜಿ ತೂಗುವ ಒಂದು ಸಣ್ಣ ಕಾರು 500 ಮೀಟರ್ ಕೆಳಗಿಳಿದರೆ ಸುಮಾರು 64 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಅಷ್ಟರಲ್ಲಿ ಹದಿನೆಂಟು ಲೀಟರ್ ತಣ್ಣೀರು ಕುದಿಯುತ್ತದೆ. ನಮ್ಮ ಬಚ್ಚಲ ಮನೆಯ ಸಣ್ಣ ಹಂಡೆಯನ್ನು ನೆನಪಿಸಿಕೊಳ್ಳಿ. ಸ್ವಲ್ಪ ಶಕ್ತಿ ಗಾಳಿಗೆ, ಟೈರಿಗೆ, ಇಂಜಿನ್ನಿಗೆ ಹೋಗುತ್ತದೆ. ಉಳಿದದ್ದೆಲ್ಲ ನಾಲ್ಕು ಚಕ್ರದ ಒಳಗಿರುವ ನಾಲ್ಕು ಕಬ್ಬಿಣದ ತುಂಡುಗಳಿಗೆ. ಗೇರ್ ಇಳಿಸದೆ ಬರೀ ಬ್ರೇಕ್ ತುಳಿಯುತ್ತ ಬಂದರೆ ಅವುಗಳ ಗತಿ ಹೇಳುವುದೇ ಬೇಡ.

ಅಂಬಾಸಿಡರಿನಲ್ಲಿ ಇದ್ದದ್ದು ಡ್ರಮ್ ಬ್ರೇಕ್. ಹೆಚ್ಚುಕಡಿಮೆ ಮುಚ್ಚಳ ಹಾಕಿದ ಡಬ್ಬಿ. ಒಳಗಿರುವ, ಶೂ ಎಂಬ ಬಾಗಿದ ಪಟ್ಟಿಗಳು ಹೊರಕ್ಕೆ ಚಾಚಿ ಡ್ರಮ್ಮಿನ ಒಳಮೈಗೆ ಉಜ್ಜುತ್ತವೆ. ಬಿಸಿಯಾದಾಗ ಡ್ರಮ್ ಹಿಗ್ಗುತ್ತದೆ, ಹಿಗ್ಗಿದರೆ ಶೂಗಳಿಂದ ದೂರ ಸರಿಯುತ್ತದೆ. ಶೂಗಳ ಮೈಗೆ ಅಂಟಿಸಿದ ಲೈನಿಂಗೂ ಕಾದು ಹಿಡಿತ ಬಿಡುತ್ತದೆ. ಡಬ್ಬಿಯೊಳಗಿನ ಬಿಸಿಗೆ ಬೇಗ ಹೊರಗೆ ಹೋಗಲು ದಾರಿ ಇಲ್ಲ. ಡಿಸ್ಕ್ ಹಾಗಲ್ಲ. ಬಯಲಲ್ಲಿ ತಿರುಗುವ ತಟ್ಟೆ, ಅದನ್ನು ಎರಡೂ ಕಡೆಯಿಂದ ಪ್ಯಾಡುಗಳು ಹಿಂಡುತ್ತವೆ. ತಟ್ಟೆ ಕಾದು ದಪ್ಪಗಾದರೂ ಪ್ಯಾಡಿನ ಕಡೆಗೇ ದಪ್ಪಗಾಗುತ್ತದೆ. ಗಾಳಿಗೂ ಒಡ್ಡಿಕೊಂಡಿರುತ್ತದೆ.

ಈ ಡಿಸ್ಕ್ ರೇಸಿನವರು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಮಾಡಿಸಿದ್ದ. ಆಮೇಲೆ ವಿಮಾನಗಳಿಗೆ ಬಂತು. ಕಾರಿನವರಿಗೆ ಮಾತ್ರ ನಂಬಿಕೆ ಇರಲಿಲ್ಲ. ನಂಬಿಕೆ ಬಂದದ್ದು ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ. 24 ತಾಸು ನಿಲ್ಲದೆ ಓಡಿಸುವ ರೇಸ್ ಅದು. ಆಗೆಲ್ಲ ಅಲ್ಲಿ ಸುಮಾರು ಆರು ಕಿಲೋಮೀಟರ್ ನೇರ ದಾರಿ, ಅದರ ತುದಿಯಲ್ಲಿ ಚೂಪಾದ ತಿರುವು. ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ಬಂದು, ಹೆಚ್ಚುಕಡಿಮೆ ನಮ್ಮ ಘಟ್ಟದ ವೇಗಕ್ಕೆ ಇಳಿಯಬೇಕು. ಒಂದು ಸಲವಲ್ಲ, ಪ್ರತಿ ಸುತ್ತಿಗೂ, ಹಗಲೂ ರಾತ್ರಿ. 1953ರಲ್ಲಿ ಜಾಗ್ವಾರ್ ಕಂಪನಿ ತನ್ನ ಸಿ-ಟೈಪ್ ಕಾರಿಗೆ ಡನ್‌ಲಪ್‌ನ ಡಿಸ್ಕ್ ಬ್ರೇಕ್ ಹಾಕಿ ತಂದಿತ್ತು. ಉಳಿದವರು ಬ್ರೇಕ್ ಒತ್ತಿದ ಮೇಲೂ ಇದರ ಚಾಲಕರು ಇನ್ನಷ್ಟು ದೂರ ಆಕ್ಸಿಲರೇಟರ್ ತುಳಿದೇ ಹೋಗುತ್ತಿದ್ದರು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಆ ರೇಸಿನ ಸರಾಸರಿ ವೇಗ ಗಂಟೆಗೆ ನೂರು ಮೈಲಿ ದಾಟಿದ್ದು ಅದೇ ಮೊದಲು. ಎರಡೇ ವರ್ಷದಲ್ಲಿ, 1955ರಲ್ಲಿ, ಸಿಟ್ರೋನ್‌ನವರು ತಮ್ಮ ಡಿಎಸ್ ಕಾರಿನ ಮುಂದಿನ ಚಕ್ರಕ್ಕೆ ಡಿಸ್ಕ್ ಕೊಟ್ಟರು. ಅದು ಜನ ಪೇಟೆಗೆ ಓಡಿಸುವ ಕಾರು.

ಹೆಚ್ಚು ವೇಗವಾಗಿ ಹೋಗಲು ಬೇಕಾದದ್ದು ಒಳ್ಳೆಯ ಬ್ರೇಕು ಅನ್ನುವುದು ನನಗೆ ಈಗಲೂ ಮಜಾ ಅನಿಸುತ್ತದೆ.

ನಮ್ಮ ಅಂಬಾಸಿಡರ್ ರಸ್ತೆಗೆ ಬಂದದ್ದು ಆ ಗೆಲುವಿನ ನಾಲ್ಕೈದು ವರ್ಷದ ಮೇಲೆ. ಆದರೂ ಬಂದದ್ದು ಡ್ರಮ್ ಹಾಕಿಕೊಂಡೇ, ಎಷ್ಟೋ ವರ್ಷ ಹಾಗೇ ಉಳಿಯಿತು. ದೊಡ್ಡಪ್ಪನ ಕೈ ನಡುಗಿದ್ದಕ್ಕೆ ಉತ್ತರ ಸಿಕ್ಕಿ ದಶಕಗಳೇ ಆಗಿದ್ದವು. ಉತ್ತರ ದೇವಿಮನೆವರೆಗೆ ಬಂದಿರಲಿಲ್ಲ. ಪೈಪೋಟಿ ಇಲ್ಲದ ಮಾರುಕಟ್ಟೆಯಲ್ಲಿ ಯಾರಿಗೆ ಅವಸರ? ಈಗ ಅತಿ ಸಣ್ಣ ಕಾರಿಗೂ ಮುಂದೆ ಡಿಸ್ಕ್ ಇರುತ್ತದೆ. ತುಸು ದೊಡ್ಡದಾದರೆ ಎರಡು ತಟ್ಟೆಯ ನಡುವೆ ಗಾಳಿ ಹಾಯುವ ಡಿಸ್ಕ್. ಹಿಂದೆ ಬಹಳಷ್ಟು ಕಾರಿಗೆ ಇನ್ನೂ ಡ್ರಮ್ಮೇ. ಅದರಿಂದ ದೊಡ್ಡ ತೊಂದರೆ ಇಲ್ಲ, ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ.

ಇಷ್ಟೆಲ್ಲ ಓದಿಕೊಂಡ ನಾನೇ ಒಂದು ಸಲ ಸಿಕ್ಕಿಬಿದ್ದಿದ್ದೇನೆ. ಮೊದಲಿನ ಕಾರಿನಲ್ಲಿ ಐದು ವರ್ಷ ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ಇಂಜಿನ್ ಆಯಿಲ್ ಮರೆಯದೆ ಹಾಕಿಸುತ್ತಿದ್ದೆ, ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲ್ ಘಟ್ಟ ಇಳಿಯುವಾಗ ಮುಂದೆ ಲಾರಿ ಸಾಲು. ತುಳಿದು ತುಳಿದು ಕೊನೆಗೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗತೊಡಗಿತು. ಪೆಡಲ್ ತುಳಿದ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಈ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ಎಂಬ ಮಾಮೂಲಿ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮ ಇದೆ. ನೀರು ಹೀರಿದ ಮೇಲೆ ಅದು 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ಆದರೆ 230, ನೀರು ಹೀರಿದರೆ 155. ಆಯಿಲ್ ಕುದಿದರೆ ಪೈಪಿನೊಳಗೆ ಗುಳ್ಳೆ. ನೀವು ತುಳಿದದ್ದು ಗುಳ್ಳೆಯನ್ನು ಒತ್ತುತ್ತದೆ, ಬ್ರೇಕನ್ನಲ್ಲ. ಕಾರವಾರ, ಕುಮಟಾ, ಹೊನ್ನಾವರದ ಕಡೆ ಉಪ್ಪಿನ ಡಬ್ಬಿಯೇ ಮಳೆಗಾಲದಲ್ಲಿ ನೀರಾಗುತ್ತದೆ. ಐದು ವರ್ಷದ ಆಯಿಲ್ ಒಣಗಿರುತ್ತದೆಯೇ? ರೇಸಿನವರು 300 ಡಿಗ್ರಿ ದಾಟಿದರೂ ಕುದಿಯದ ಆಯಿಲ್ ಬಳಸುತ್ತಾರೆ, ಅದನ್ನೂ ಪದೇಪದೇ ಬದಲಿಸುತ್ತಾರೆ. ಅವರಿಂದ ಕಲಿಯುವುದು ಇದ್ದರೆ ಆ ಬದಲಿಸುವ ಬುದ್ಧಿ ಕಲಿಯಬೇಕು. ನಮ್ಮ ಕಡೆ ಎರಡು ವರ್ಷಕ್ಕೊಮ್ಮೆ ಹಾಕಿಸಿ. ಗ್ಯಾರೇಜಿನವನು "ಬೇಡ ಬಿಡಿ" ಅಂದರೂ ಹಾಕಿಸಿ.

ರೇಸಿನದ್ದು ಪೂರ್ತಿ ಹಾಗೆಯೇ ನಮಗೆ ಬಂದರೆ ಕಷ್ಟವೇ. ಎಫ್‌1 ಕಾರಿನ ಕಾರ್ಬನ್ ಬ್ರೇಕ್ ಸಾವಿರ ಡಿಗ್ರಿ ಮುಟ್ಟಿದರೂ ಕೆಲಸ ಮಾಡುತ್ತದೆ. ಆದರೆ ತಣ್ಣಗಿದ್ದಾಗ ಹಿಡಿಯುವುದೇ ಕಡಿಮೆ. ಬೆಳಿಗ್ಗೆ ಕೊಟ್ಟಿಗೆ ಪಕ್ಕದಿಂದ ಗಾಡಿ ತೆಗೆದು ಗೇಟಿನ ಹತ್ತಿರ ಬ್ರೇಕ್ ಒತ್ತಿದರೆ ನಿಲ್ಲದ ಕಾರು ಯಾರಿಗೆ ಬೇಕು?

ನನ್ನ ಈಗಿನ ಕಾರು ಎಎಂಟಿ, ಅಂದರೆ ತಾನೇ ಗೇರ್ ಬದಲಿಸಿಕೊಳ್ಳುವುದು. ಕ್ಲಚ್ ಪೆಡಲ್ ಇಲ್ಲ, ಎಡಗಾಲಿಗೆ ರಜೆ. ಇದರ ವಂಶಾವಳಿ ಕೇಳಿ ಭಾವನಿಗೂ ಖುಷಿ ಆಯಿತು. ಫೆರಾರಿ ತಂಡದಲ್ಲಿ ಜಾನ್ ಬರ್ನಾರ್ಡ್ ಎಂಬ ಇಂಜಿನಿಯರ್ ಇದ್ದ. ಗೇರ್ ಲಿವರ್, ಅದರ ಸಲಾಕೆ ಎಲ್ಲ ತೆಗೆದುಹಾಕಿದರೆ ಕಾರಿನ ಮೈ ಇನ್ನೂ ತೆಳ್ಳಗೆ ಮಾಡಬಹುದು ಅನ್ನುವುದು ಅವನ ಯೋಚನೆ. ಸ್ಟಿಯರಿಂಗಿನ ಹಿಂದೆ ಎರಡು ಪ್ಯಾಡಲ್ ಇಟ್ಟ. ಚಾಲಕ ಬೆರಳಲ್ಲಿ ಎಳೆದರೆ ಎಲೆಕ್ಟ್ರಾನಿಕ್ ಯಂತ್ರ ಕ್ಲಚ್ ಒತ್ತಿ ಗೇರ್ ಬದಲಿಸುತ್ತದೆ. 1989ರ ಫೆರಾರಿ 640. ಟೆಸ್ಟಿಂಗ್‌ನಲ್ಲಿ ಪದೇಪದೇ ಕೈಕೊಟ್ಟಿತ್ತು. ಮೊದಲ ರೇಸ್ ಬ್ರೆಜಿಲ್‌ನಲ್ಲಿ. ಕಾರು ಕೊನೆ ಮುಟ್ಟುವುದಿಲ್ಲ ಅಂತ ನೈಜೆಲ್ ಮ್ಯಾನ್ಸೆಲ್ ಊರಿಗೆ ಬೇಗನೆ ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದನಂತೆ. ಕಾರು ಕೊನೆ ಮುಟ್ಟಿತು, ಗೆದ್ದೂ ಬಿಟ್ಟಿತು.

ಆ ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿದ್ದು ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿ. 1997ರಲ್ಲಿ ಅದೇ ಬಗೆಯ ಗೇರ್‌ಬಾಕ್ಸ್ ಫೆರಾರಿಯ ರಸ್ತೆ ಕಾರಿಗೆ ಬಂತು. 2014ರಲ್ಲಿ ಮಾರುತಿಯ ಸೆಲೆರಿಯೋಗೆ ಎಎಂಟಿ ಕೊಟ್ಟದ್ದೂ ಇದೇ ಮರೆಲ್ಲಿ. ಕೋಟಿಗಟ್ಟಲೆ ಬೆಲೆಯ ಕಾರಿನಿಂದ ಐದು ಲಕ್ಷದ ಆಸುಪಾಸಿನ ಕಾರಿಗೆ. ಇದು ಸಾಧ್ಯವಾದದ್ದು ಯಾಕೆಂದರೆ ಒಳಗಿನ ಗೇರ್‌ಬಾಕ್ಸ್, ಕ್ಲಚ್ ಎಲ್ಲ ಮಾಮೂಲಿ ಮ್ಯಾನ್ಯುಯಲ್ ಕಾರಿನದ್ದೇ. ನಿಮ್ಮ ಕಾಲಿನ ಮತ್ತು ಕೈಯ ಕೆಲಸ ಮಾಡಲು ಒಂದು ಯಂತ್ರ ಮೇಲೆ ಕೂತಿದೆ, ಅಷ್ಟೇ.

ಹಾಗಂತ ಇದು ಫೆರಾರಿಯ ಹಾಗೆ ಗೇರ್ ಬದಲಿಸುತ್ತದೆ ಅಂದುಕೊಳ್ಳಬೇಡಿ. ಒಂದರಿಂದ ಎರಡಕ್ಕೆ ಹೋಗುವಾಗ ಒಳಗೆ ಕೂತವರೆಲ್ಲ ಒಟ್ಟಿಗೆ ತಲೆ ಅಲ್ಲಾಡಿಸುತ್ತಾರೆ, ತಾಳಮದ್ದಲೆಯಲ್ಲಿ ಒಳ್ಳೆಯ ಅರ್ಥ ಕೇಳಿದವರ ಹಾಗೆ. ಘಟ್ಟ ಹತ್ತುವಾಗ ತಿರುವಿನ ಮಧ್ಯದಲ್ಲೇ ಅದಕ್ಕೆ ಮೇಲಿನ ಗೇರ್ ನೆನಪಾಗುತ್ತದೆ. ಏರಿನಲ್ಲಿ ಬಸ್ಸಿನ ಹಿಂದೆ ನಿಂತು ಬ್ರೇಕ್ ಬಿಟ್ಟರೆ ಒಂದು ಗೇಣು ಹಿಂದಕ್ಕೆ ಜಾರುತ್ತದೆ. ಹಿಂದೆ ಬೈಕ್‌ನವನಿದ್ದರೆ ಅವನ ಬೈಗುಳ ನಿಮಗೆ. ಉಪಾಯ ಸುಲಭ. ಘಟ್ಟ ಸಿಕ್ಕಿದ ಕೂಡಲೇ ಗೇರ್ ಲಿವರನ್ನು ಎಂ, ಅಂದರೆ ಮ್ಯಾನ್ಯುಯಲ್ ಕಡೆ ತಳ್ಳಿ, ಎರಡನೇ ಗೇರಿನಲ್ಲಿ ಕೂರಿಸಿ. ಹತ್ತಲೂ ಅದೇ, ಇಳಿಯಲೂ ಅದೇ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಬಳಸಿ. ಯಂತ್ರಕ್ಕೆ ಮುಂದಿನ ತಿರುವು ಕಾಣುವುದಿಲ್ಲ, ನಿಮಗೆ ಕಾಣುತ್ತದೆ.

ಹಿಂದೆ ನೋಡುವ ಕನ್ನಡಿಯದ್ದೂ ಒಂದು ರೇಸಿನ ಕತೆ. 1911ರಲ್ಲಿ ಅಮೆರಿಕದಲ್ಲಿ ನಡೆದ ಮೊದಲ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಉಳಿದವರೆಲ್ಲ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡಿದ್ದರು. ಹಿಂದೆ ಯಾರು ಬರುತ್ತಿದ್ದಾರೆ ಹೇಳುವುದೂ ಅವನ ಕೆಲಸ. ರೇ ಹ್ಯಾರೂನ್ ಒಬ್ಬನೇ ಬಂದ, ಒಂದು ಕನ್ನಡಿ ಕಟ್ಟಿಕೊಂಡು. ಗೆದ್ದ. ಕಾರು ಅಲುಗಾಡಿದ ರಭಸಕ್ಕೆ ಕನ್ನಡಿಯಲ್ಲಿ ಏನೂ ಕಂಡಿರಲಿಲ್ಲ ಅಂತ ಆಮೇಲೆ ಒಪ್ಪಿಕೊಂಡ. ಅದಕ್ಕೂ ಮೊದಲೇ, 1909ರಲ್ಲಿ, ಡೊರೊಥಿ ಲೆವಿಟ್ ಎಂಬ ಬ್ರಿಟಿಷ್ ರೇಸ್ ಚಾಲಕಿ, ಕಾರು ಓಡಿಸುವ ಹೆಂಗಸರು ಹಿಂದೆ ನೋಡಲು ಒಂದು ಕೈಗನ್ನಡಿ ಇಟ್ಟುಕೊಳ್ಳಿ ಅಂತ ಬರೆದಿದ್ದಳು. ನಮ್ಮ ಶಿರಸಿಯ ಹುಡುಗರು ಬೈಕ್ ತಗೊಂಡ ಮರುದಿನವೇ ಕನ್ನಡಿ ಬಿಚ್ಚಿ ಮನೆಯಲ್ಲಿಡುತ್ತಾರೆ. ಅದು ರೇಸಿಂಗ್ ಲುಕ್ ಅಂತೆ.

ಇಂಥ ಅರ್ಧ ತಿಳುವಳಿಕೆ ವಯಸ್ಸಾದವರಲ್ಲೂ ಇದೆ. ಕಳೆದ ವರ್ಷ ಆರಿದ್ರಾ ಮಳೆ ಜಡಿಯುತ್ತಿದ್ದಾಗ ಪಕ್ಕದ ಮನೆ ಹೆಗಡೇರ ಕಾರಿನ ಟೈರು ನೋಡಿದೆ. ಬೋಳು ತಲೆಯ ಹಾಗಿತ್ತು. "ಬದಲಿಸಿ ಹೆಗಡೇರೇ" ಅಂದೆ. "ರೇಸ್ ಕಾರಿನ ಟೈರು ನುಣ್ಣಗೇ ಇರ್ತಲೋ ತಮಾ, ನೀನೇ ಟೀವೀಲಿ ತೋರ್ಸಿದ್ಯಲಾ!" ಎಂದರು. ಆ ನುಣ್ಣನೆ ಟೈರು ಮೆತ್ತಗಿನ ರಬ್ಬರಿನದ್ದು, ನೂರು ಡಿಗ್ರಿ ಆಸುಪಾಸು ಕಾದಾಗ ಒಣ ರಸ್ತೆಗೆ ಅಂಟುತ್ತದೆ. ಮಳೆ ಬಂದರೆ ಅವರೂ ಬಿಚ್ಚಿ ಗೆರೆ ಇರುವ ಟೈರು ಹಾಕುತ್ತಾರೆ. ಎಫ್‌1ನ ಜೋರು ಮಳೆಯ ಟೈರು 300 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಹೊರಗೆ ತಳ್ಳುತ್ತದೆ ಅಂತ ತಯಾರಿಸುವ ಪಿರೆಲ್ಲಿಯವರು ಹೇಳುತ್ತಾರೆ. ನಮ್ಮ ಕಾನೂನಿನ ಪ್ರಕಾರ ಕಾರಿನ ಟೈರಿನ ಗೆರೆ 1.6 ಮಿಲಿಮೀಟರಿಗಿಂತ ಕಡಿಮೆ ಆಗಬಾರದು. ನಮ್ಮ ಮಳೆಗೆ ಅಷ್ಟೂ ಸಾಲದು ಅನ್ನುವುದು ನನ್ನ ಅನಿಸಿಕೆ. ಹೆಗಡೇರು ಪುನರ್ವಸು ಮಳೆ ಮುಗಿಯುವ ಹೊತ್ತಿಗೆ ಟೈರು ಬದಲಿಸಿದರು, ನನ್ನ ಮಾತಿಗಲ್ಲ, ಒಂದು ಸಲ ಅಂಗಳದಲ್ಲೇ ಜಾರಿ ತುಳಸಿಕಟ್ಟೆ ಮುಟ್ಟಿಸಿದ ಮೇಲೆ.

ಎಲ್ಲ ಒಳ್ಳೆಯದೂ ರೇಸಿನಿಂದ ಬಂತು ಅನ್ನುವವರೂ ಇದ್ದಾರೆ. ಅದು ಸುಳ್ಳು. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ ಕೊಟ್ಟದ್ದು ವೋಲ್ವೋದ ನಿಲ್ಸ್ ಬೋಹ್ಲಿನ್, 1959ರಲ್ಲಿ. ಅದಕ್ಕೂ ಮೊದಲು ಅವನು ಮಾಡುತ್ತಿದ್ದದ್ದು ವಿಮಾನದಿಂದ ಪೈಲಟ್‌ನನ್ನು ಹೊರಗೆ ಹಾರಿಸುವ ಸೀಟಿನ ಕೆಲಸ. ರೇಡಿಯಲ್ ಟೈರು ಮಿಶೆಲಿನ್‌ನವರದ್ದು, 1946ರ ಪೇಟೆಂಟ್. ಅದು ರಸ್ತೆಯಿಂದ ರೇಸಿಗೆ ಹೋಯಿತು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಎಬಿಎಸ್ ವಿಮಾನದಿಂದ ಬಂತು. ಎಬಿಎಸ್ ಇದ್ದರೆ ಚಾಲಕನ ಕೈಚಳಕಕ್ಕೆ ಬೆಲೆ ಇರುವುದಿಲ್ಲ ಅಂತ ಎಫ್‌1ನಲ್ಲಿ 1994ರಿಂದ ನಿಷೇಧ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ. ಭಾವನ ಎಮ್ಮೆ ಅಡ್ಡ ಬಂದಾಗ ಚಕ್ರ ಕಚ್ಚಿಕೊಳ್ಳದೆ ಸ್ಟಿಯರಿಂಗ್ ತಿರುಗಿಸಲು ಬಿಡುವುದು ಈ ಎಬಿಎಸ್ಸೇ. ಅದು ಯಾವ ಎಫ್‌1 ಕಾರಿನಲ್ಲೂ ಇಲ್ಲ!

ಬ್ರೇಕ್ ಹಾಕಿದಾಗ ವ್ಯರ್ಥ ಆಗುವ ಶಕ್ತಿಯನ್ನು ಬ್ಯಾಟರಿಗೆ ತುಂಬುವ ಉಪಾಯವೂ ರಸ್ತೆಯದ್ದೇ ಮೊದಲು. ಟೊಯೊಟಾ ಪ್ರಿಯಸ್ 1997ರಲ್ಲಿ ಬಂತು, ಎಫ್‌1ಗೆ ಅದು ಬಂದದ್ದು 2009ರಲ್ಲಿ. ಆಗ ಒಂದು ಸುತ್ತಿನಲ್ಲಿ 4 ಲಕ್ಷ ಜೂಲ್ ಮಾತ್ರ ಬಳಸಬಹುದಿತ್ತು. ನಮ್ಮ ಘಟ್ಟದ ಲೆಕ್ಕ 64 ಲಕ್ಷ, ನೆನಪಿದೆಯಲ್ಲ? ಆದರೆ ಈಗ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸ್ ಈ ವಿಷಯವನ್ನು ಬಹಳ ಮುಂದಕ್ಕೆ ಒಯ್ದಿದೆ. ನಮ್ಮ ಮಹೀಂದ್ರಾ ತಂಡ 2014ರ ಮೊದಲ ಸೀಸನ್‌ನಿಂದಲೂ ಅದರಲ್ಲಿದೆ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲೂ ಒಂದು ರೇಸ್ ನಡೆಯಿತು. ಆ ವರ್ಷ ಬಂದ ಹೊಸ ಕಾರಿನ ಹಿಂದಿನ ಚಕ್ರಕ್ಕೆ ಆಯಿಲ್ ಬ್ರೇಕೇ ಇಲ್ಲ. ಮೋಟಾರೇ ಹಿಡಿದು ನಿಧಾನ ಮಾಡುತ್ತದೆ, ಕರೆಂಟು ಮಾಡುತ್ತದೆ.

ಕುಮಟಾದ ಸ್ನೇಹಿತನೊಬ್ಬ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿದ್ದಾನೆ. ಶಿರಸಿಯಿಂದ ಘಟ್ಟ ಇಳಿದರೆ ಚಾರ್ಜ್ ಮೂರು ಪರ್ಸೆಂಟ್ ಏರಿರುತ್ತದೆ ಅಂತ ಸಿಕ್ಕವರಿಗೆಲ್ಲ ಹೇಳುತ್ತಾನೆ. ಒಂದು ಸಲ ಮಾತ್ರ ಹೆದರಿದ. ಶಿರಸಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಹೊರಟಿದ್ದ. ತುಂಬಿದ ಕೊಡಕ್ಕೆ ಇನ್ನೆಲ್ಲಿ ನೀರು? ಮೋಟಾರು ಹಿಡಿಯಲೇ ಇಲ್ಲ, ಎಲ್ಲ ಕೆಲಸ ಮಾಮೂಲಿ ಬ್ರೇಕಿನ ಮೇಲೆ ಬಿತ್ತು. ಮೇಲಿನಿಂದ ಇಳಿಯುವವರು ತೊಂಬತ್ತಕ್ಕೇ ಪ್ಲಗ್ ತೆಗೆಯಿರಿ.

ಭಾವ ಮಾಮೂಲಿ ಮಾಡೆಲ್ ಬುಕ್ ಮಾಡಿದ. ಉಳಿದ ದುಡ್ಡಿನಲ್ಲಿ ಅಕ್ಕನಿಗೆ ಅಡಿಕೆ ಸುಲಿಯುವ ಯಂತ್ರ ಬಂತು, ಅವಳು ಹೇಳುವ ಪ್ರಕಾರ ಮನೆಯಲ್ಲಿ ಅದಕ್ಕೇ ಹೆಚ್ಚು ಪಿಕಪ್ ಇರುವುದು.

ಮೊನ್ನೆ ಕುಮಟಾದಿಂದ ವಾಪಸ್ ಬರುತ್ತಿದ್ದೆ. ಕತಗಾಲ ದಾಟಿ ಘಟ್ಟ ಹತ್ತುವಾಗ ಎರಡನೇ ತಿರುವಿನಲ್ಲೇ ಆ ವಾಸನೆ ಬಂತು. ಮೂವತ್ತು ವರ್ಷದ ಮೇಲೂ ಮೂಗು ಮರೆತಿರಲಿಲ್ಲ. ರಸ್ತೆ ಬದಿಯಲ್ಲಿ ಗೋಕರ್ಣಕ್ಕೆ ಹೊರಟಿದ್ದ ಹುಡುಗರ ಕಾರು. ಸ್ಪಾಯ್ಲರ್, ಕೆಂಪು ಕ್ಯಾಲಿಪರ್. ಚಕ್ರದಿಂದ ಸಣ್ಣಗೆ ಹೊಗೆ. ಒಬ್ಬ ಬಾಟಲಿ ನೀರು ಹಿಡಿದು ಡಿಸ್ಕಿಗೆ ಸುರಿಯಲು ಬಗ್ಗಿದ್ದ. ಗಾಡಿ ನಿಲ್ಲಿಸಿ ಕೂಗಿದೆ. ಕಾದ ಡಿಸ್ಕಿಗೆ ತಣ್ಣೀರು ಹಾಕಿದರೆ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಕೂತುಕೊಳ್ಳಿ, ಆಮೇಲೆ ಎರಡನೇ ಗೇರಿನಲ್ಲಿ ಇಳಿಯಿರಿ ಅಂದೆ. ಕಲ್ಲು ಹುಡುಕಿ ಕೊಟ್ಟವನೂ ನಾನೇ.

"ಸರ್, ನೀವು ಮೆಕ್ಯಾನಿಕ್ಕಾ?" ಎಂದ ಬಾಟಲಿ ಹಿಡಿದವನು.

"ಅಲ್ಲ ಮಾರಾಯ, ಅಡಿಕೆ ತೋಟ" ಅಂದೆ.